ಜೀಪಿನ ಕೇಪಳ ಶರಬತ್ತು

ಫಾಲ್ಗುಣ ಮುಗಿಯುವಷ್ಟರಲ್ಲಿ ಜೀಪಿನ ಡ್ರೈವರಣ್ಣನ ಬಲಗೈಯ ಬೆರಳ ತುದಿಗಳು ಕೆಂಪಾಗಿಬಿಡುತ್ತಿದ್ದವು. ಸ್ಟೀರಿಂಗ್ ಮೇಲಿದ್ದ ಆ ಕೈಯನ್ನು ಮೊದಲ ದಿನ ನೋಡಿ, ಎಲೆಯಡಿಕೆ ಚಟದವರಿರಬೇಕು ಎಂದುಕೊಂಡಿದ್ದೆ. ಅದು ಕೇಪಳ ಹೂವಿನ ಬಣ್ಣ ಎಂದು ತಿಳಿಯಲು ಎರಡು ವಾರ ಬೇಕಾಯಿತು.

ನಾನಾಗ ಹೊಸ ಟೀಚರ್. ಕಳಸದಲ್ಲಿ ಬಾಡಿಗೆ ಮನೆ, ಗುಡ್ಡದ ಆಚೆ ಶಾಲೆ, ನಡುವೆ ಅವರ ಜೀಪೊಂದೇ ಗತಿ. ಬಯಲುಸೀಮೆಯಲ್ಲಿ ಬೆಳೆದ ನನಗೆ ಮೂರನೇ ತಿರುವಿಗೇ ಹೊಟ್ಟೆ ತೊಳಸುತ್ತಿತ್ತು. ದಿನವೂ ವಾಂತಿ. ಪಾಠ ಮಾಡುವುದಿರಲಿ, ಮಕ್ಕಳ ನಮಸ್ಕಾರಕ್ಕೆ ನಿಂತು ಉತ್ತರಿಸಲೂ ತ್ರಾಣವಿರುತ್ತಿರಲಿಲ್ಲ. ಎರಡನೇ ವಾರ ಮುಗಿಯುವ ಹೊತ್ತಿಗೆ ಸಾಕಾಗಿ, ರಾಜೀನಾಮೆ ಬರೆದು ಬ್ಯಾಗಿನಲ್ಲಿಟ್ಟುಕೊಂಡೇ ಜೀಪು ಹತ್ತಿದೆ.

ಅವತ್ತು ಅವರು ತಿರುವಿನಲ್ಲಿ ಜೀಪು ನಿಲ್ಲಿಸಿ, ಸೀಟಿನಡಿಯ ಬಾಟಲಿಯಿಂದ ಲೋಟಕ್ಕೆ ಕೆಂಪನೆಯದೇನನ್ನೋ ಬಗ್ಗಿಸಿ ಕೊಟ್ಟರು.

"ಒಂದು ಗುಟುಕು ಬಾಯಲ್ಲಿ ಇಟ್ಕಳಿ ಟೀಚರೇ. ನುಂಗಕ್ಕೆ ಅವಸರ ಮಾಡ್ಬೇಡಿ."

ಸಿಹಿ, ನಿಂಬೆಯ ಹುಳಿ, ಹಿಂದೆಯೇ ಸಣ್ಣ ಒಗರು, ಕೊನೆಗೆ ಗಂಟಲಲ್ಲಿ ಕಾಳುಮೆಣಸು. ಶಾಲೆ ಬಂದದ್ದೇ ತಿಳಿಯಲಿಲ್ಲ. ರಾಜೀನಾಮೆ ಸಂಜೆ ಒಲೆಗೆ ಹೋಯಿತು.

ಆಮೇಲೆ ಅವರನ್ನು ಗಮನಿಸತೊಡಗಿದೆ. ತುಂಬಿದ ಜೀಪನ್ನು ನಡುದಾರಿಯಲ್ಲಿ ನಿಲ್ಲಿಸಿ ಕೇಪಳದ ಪೊದೆಗೆ ನುಗ್ಗುವರು. "ಹೂ ಮುಡಿಯಕ್ಕೆ ನಿಂಗೇನು ಜಡೆ ಇದ್ಯ ಮಾರಾಯ?" ಎಂದು ಹಿಂದಿನವರು ರೇಗಿಸಿದರೂ ಅವಸರವಿಲ್ಲ. ಮೇಲಿನ ಗೊಂಚಲು ಹಕ್ಕಿಗೆ, ಕೆಳಗಿನದು ದಾರಿಯಲ್ಲಿ ಜೇನು ಚೀಪುವ ಮಕ್ಕಳಿಗೆ, ಮಧ್ಯದ್ದು ಮಾತ್ರ ತಮಗೆ. ಕೆಲವು ಗಿಡಗಳನ್ನು ಮುಟ್ಟುತ್ತಲೇ ಇರಲಿಲ್ಲ. "ಅದಕ್ಕೆ ಈ ವರ್ಷ ರಜೆ" ಎನ್ನುವರು. ಆ ದಾರಿಯ ಪ್ರತಿ ಗಿಡವೂ ಅವರಿಗೆ ನೆನಪಿತ್ತು. ನನಗೆ ನನ್ನ ತರಗತಿಯ ಮಕ್ಕಳ ಹೆಸರೇ ಇನ್ನೂ ಬಾಯಿಗೆ ಬಂದಿರಲಿಲ್ಲ.

ಶರಬತ್ತಿನ ಕ್ರಮವನ್ನೆಲ್ಲ ಹೇಳಿಕೊಟ್ಟರು. ತೊಟ್ಟು ತೆಗೆದು ಎಸಳು ಕುದಿಸಬೇಕು, ಸೋಸಿ ಸಕ್ಕರೆ ಪಾಕ ಮಾಡಬೇಕು, ಆರಿದ ಮೇಲೆ ನಿಂಬೆ ಹಿಂಡಿ ಕಾಳುಮೆಣಸಿನ ಪುಡಿ ಬೆರೆಸಬೇಕು. ನಾನೂ ಮಾಡಿ ಒಯ್ದೆ. ಬಣ್ಣ ಅವರದ್ದಕ್ಕಿಂತ ಚೆಂದ ಬಂದಿತ್ತು, ಬೀಗುತ್ತಲೇ ಕೊಟ್ಟೆ. ಒಂದು ಗುಟುಕಿಗೆ ನಕ್ಕರು.

"ಪಾತ್ರೆ ತೊಳ್ದಂಗೆ ತೊಳ್ದಿದೀರಲ ಟೀಚರೇ. ಜೇನೆಲ್ಲ ಬಚ್ಚಲಿಗೆ ಹೋಯ್ತು. ಕೊಡವಿ ಇರುವೆ ಓಡ್ಸಿ, ಅಷ್ಟು ಸಾಕು."

ವಿಜ್ಞಾನದ ಟೀಚರ್ ನಾನು, ಮೂರು ನೀರಿನಲ್ಲಿ ತೊಳೆದಿದ್ದೆ. ಅದು ಅವರ ನಾಲಿಗೆಗೆ ಹೇಗೆ ತಿಳಿಯಿತು ಎಂಬ ಬೆರಗು ನನಗೆ ಇಂದಿಗೂ ಇಳಿದಿಲ್ಲ.

ಹಲವು ವರ್ಷಗಳ ಬಳಿಕ, ಕಳೆದ ಚೈತ್ರದಲ್ಲಿ, ಕಾಯಿಲೆ ಬಿದ್ದ ಅವರನ್ನು ಚಿಕ್ಕಮಗಳೂರಿನ ಆಸ್ಪತ್ರೆಗೆ ಒಯ್ದೆವು. ಅವರು ಅಲ್ಲಿಂದ ತಿರುಗಿ ಬರಲಿಲ್ಲ. ನನಗೆ ನೆನಪಾಗುವುದು ಹೋಗುವಾಗಿನ ದಾರಿ. ಜೀಪು ಓಡಿಸುತ್ತಿದ್ದುದು ಅವರ ಅಳಿಯ. ಹಿಂದೆ ನನ್ನ ಪಕ್ಕ ಕೂತಿದ್ದ ಅವರು ಊರು ದಾಟುತ್ತಲೇ ಟವೆಲಿನಿಂದ ಬಾಯಿ ಮುಚ್ಚಿಕೊಂಡರು.

"ನಿಮಗೂ ಆಗುತ್ತಾ ಅಣ್ಣಾ?"

"ಹಿಂದೆ ಕೂತ್ರೆ ಚಿಕ್ಕಂದಿಂದ್ಲೂ ಹಿಂಗೇ. ಅದಕ್ಕೇ ಅಲ್ವ ಡ್ರೈವರ್ ಆಗಿದ್ದು."

ನನ್ನ ಬ್ಯಾಗಿನಲ್ಲಿ ಆ ವರ್ಷ ನಾನು ಮಾಡಿದ ಶರಬತ್ತಿನ ಬಾಟಲಿಯಿತ್ತು. ಲೋಟಕ್ಕೆ ಬಗ್ಗಿಸಿ ಕೊಟ್ಟು, ಅವಸರ ಮಾಡಬೇಡಿ ಎಂದೆ. ಕಣ್ಣು ಮುಚ್ಚಿ ಎರಡು ತಿರುವು ದಾಟುವವರೆಗೂ ಬಾಯಲ್ಲೇ ಇಟ್ಟುಕೊಂಡಿದ್ದು ನುಂಗಿದರು.

"ಈ ಸಲ ತೊಳ್ದಿಲ್ಲ" ಎಂದರು.