ಕಾಮಣಿಗೂ ಮೊದಲೇ ಔಷಧ

ನಮ್ಮ ಗೈಡ್ ಸಾಹೇಬರು ಮಾತಿಗೊಮ್ಮೆ ಕನ್ನಡಕವನ್ನು ಹಣೆಗೇರಿಸಿ, ಮೂಗಿನೊಳಗಿಂದ ‘ಹಂಗಲ್ಲ ತಮ್ಮಾ’ ಎನ್ನುತ್ತಿದ್ದರು. ಬೆಳಗಾವಿಯಲ್ಲಿ ಔಷಧಶಾಸ್ತ್ರದ ಎಂ.ಡಿ. ಓದುತ್ತಿದ್ದ ನಾನು ಅದನ್ನು ಅವರಿಗಿಂತ ಚೆನ್ನಾಗಿ ಎನ್ನುತ್ತಿದ್ದೆ. ನಾನು ಕಲಿತದ್ದು ಅದೊಂದೇ ಎಂದು ಗೆಳೆಯರ ಅಂಬೋಣ. ಪೂರ್ತಿ ಸುಳ್ಳಲ್ಲ.

ಎಪ್ಪತ್ತರ ದಶಕ ಮುಗಿಯುತ್ತಿತ್ತು. ಖಾನಾಪುರದಲ್ಲಿ ನನ್ನ ಮಾವಶಿ, ಅಂದರೆ ಅವ್ವನ ತಂಗಿ, ಕಾಮಣಿ ಎಂಬ ಕಾಮಾಲೆ ಆದವರಿಗೆ ಆಡಿನ ಹಾಲಿನಲ್ಲಿ ಸೊಪ್ಪು ಅರೆದು ಕುಡಿಸುತ್ತಿದ್ದಳು. ಆದಿತ್ಯವಾರ ನಸುಕಿಗೇ ಹಳದಿ ಕಣ್ಣಿನವರು ಅವಳ ಕಟ್ಟೆಯ ಮೇಲೆ ಕೂತಿರುತ್ತಿದ್ದರು. ಆ ಸೊಪ್ಪು ಕೆಟ್ಟ ಲಿವರನ್ನು ನಿಜಕ್ಕೂ ಉಳಿಸುತ್ತದೆಯೇ? ಅದೇ ನನ್ನ ಪ್ರಬಂಧ. ಪ್ರಯೋಗದ ಕಾಗದಕ್ಕೆ ಸಾಹೇಬರ ಸಹಿ ಬೀಳದಿದ್ದರೆ ವರ್ಷವೇ ಹೋದಂತೆ.

“ಬಿಳಿ ಇಲಿ ತಗೊ. ಮೊದಲ ವಾರಗಟ್ಲೆ ಸೊಪ್ಪಿನ ರಸ ಕುಡಸು. ಆಮ್ಯಾಲ ಕಾರ್ಬನ್ ಟೆಟ್ರಾಕ್ಲೋರೈಡ್ ಚುಚ್ಚು. ಲಿವರ್ ಉಳದಿರ್ತದ. ಎಲ್ಲಾರೂ ಹಿಂಗ ಮಾಡ್ತಾರ” ಎಂದರು.

ಅದು ಬಟ್ಟೆಯ ಜಿಡ್ಡು ತೆಗೆಯುವ ದ್ರಾವಣ; ಒಳಗೆ ಹೋದರೆ ಲಿವರ್ ಕೆಡಿಸುತ್ತದೆ. ಅದನ್ನು ಕುಡಿದವರನ್ನು ನಾನಂತೂ ಕಂಡಿರಲಿಲ್ಲ. ಜ್ವರದ ಮಾತ್ರೆ ಪ್ಯಾರಾಸಿಟಮಾಲ್ ಆದರೆ ಮನೆಮನೆಯಲ್ಲಿತ್ತು. ಅತಿಯಾದರೆ ಅದು ಮನುಷ್ಯನ ಲಿವರ್ ಕೆಡಿಸುತ್ತದೆ. ಸಾಹೇಬರು ಹೇಳಿದ ಆ ದೊಡ್ಡ ಬಿಳಿ ಇಲಿ ಅದನ್ನು ಬಹುಮಟ್ಟಿಗೆ ಅರಗಿಸಿಕೊಳ್ಳುತ್ತದೆ. ಚಿಕ್ಕ ಸುಂಡಿಲಿ ನಮ್ಮ ಹಾಗೆಯೇ ಲಿವರ್ ಕೆಟ್ಟು ಮಲಗಿಬಿಡುತ್ತದೆ.

“ನನಗ ಸುಂಡಿಲಿ ಬೇಕ್ರಿ ಸರ್. ಮೊದಲ ಮಾತ್ರಿ, ಆಮ್ಯಾಲ ಸೊಪ್ಪು.”

“ಹಂಗಲ್ಲ ತಮ್ಮಾ. ಆಮ್ಯಾಲ ಕೊಟ್ರ ರಿಸಲ್ಟ್ ಬರೂದಿಲ್ಲ.”

ನಾನು ಇಲ್ಲದ ಕನ್ನಡಕವನ್ನು ಹಣೆಗೇರಿಸಿದೆ. ಮಾವಶಿಯ ಕಟ್ಟೆಯ ಮೇಲೆ ಕೂತವನಂತೆ ಕೈಚಾಚಿ, ಸಾಹೇಬರದೇ ಮೂಗಿನಿಂದ ಹೇಳಿದೆ: “ಹಂಗಲ್ಲ ಅವ್ವಾ, ಮುಂದಿನ ವಾರ ನನಗ ಕಾಮಣಿ ಆಗೂದೈತಿ. ಇವತ್ತ ಔಷಧ ಕೊಟ್ಟಬಿಡ್ರಿ.”

ಸಾಹೇಬರ ಕನ್ನಡಕ ತಾನಾಗಿ ಮೂಗಿಗೆ ಜಾರಿತು. ನನ್ನ ಕಾಗದವನ್ನು ಹತ್ತಿರಕ್ಕೆ ಎಳೆದುಕೊಂಡರು.

“ರಿಸಲ್ಟ್ ಬರಲಿಲ್ಲಂದ್ರ ನನ್ನ ಮುಂದ ಅಳಬಾರ್ದು.”

“ಅಳೂದಿಲ್ರಿ” ಎಂದೆ, ನನ್ನ ಸ್ವಂತ ದನಿಯಲ್ಲಿ. ಅದು ಅಷ್ಟು ಸಣ್ಣದೆಂದು ಆವರೆಗೆ ಗೊತ್ತಿರಲಿಲ್ಲ.

ಸಹಿ ಬಿತ್ತು. ರಿಸಲ್ಟ್ ಬರಲಿಲ್ಲ. ಸೊಪ್ಪು ಕುಡಿದ ಸುಂಡಿಲಿಗಳ ಲಿವರೂ ಕುಡಿಯದವುಗಳದೂ ಹೆಚ್ಚುಕಡಿಮೆ ಒಂದೇ ರೀತಿ ಕೆಟ್ಟಿದ್ದವು.

“ಇನ್ನೂ ಟೈಮ್ ಐತಿ. ಮೊದಲ ಕುಡಿಸಿ ನೋಡು” ಎಂದರು ಸಾಹೇಬರು. ಒಲ್ಲೆ ಎಂದೆ.

ಖಾನಾಪುರಕ್ಕೆ ಹೋಗಿ ಮಾವಶಿಗೂ ಹೇಳಿದೆ. ಅವಳು ಅರೆಯುವುದನ್ನು ನಿಲ್ಲಿಸಲಿಲ್ಲ.

“ನಿನ್ನ ಸುಂಡಿಲಿ ಪಥ್ಯ ಹಿಡದಿದ್ವೇನೋ ಹುಚ್ಚಾ? ಎಣ್ಣಿ, ಖಾರ ಬಿಟ್ಟಿದ್ವೇನು?”

ಅವಳು ಮೂಗು ಮುರಿದ ಪರಿಯನ್ನು ಅವಳೆದುರೇ ಮಾಡಿ ತೋರಿಸಿ, ಬೆನ್ನಿಗೊಂದು ಗುದ್ದು ತಿಂದೆ. ಪ್ರಬಂಧದಲ್ಲಿ ಮಾತ್ರ ಒಂದಕ್ಷರ ತಿದ್ದಲಿಲ್ಲ. ಸಾಹೇಬರಿಗಾಗಿಯೂ ಇಲ್ಲ, ಮಾವಶಿಗಾಗಿಯೂ ಇಲ್ಲ.