ಗ್ಲೆನಿಸ್ ಅಳಿಸಿದ ಕಾಲು

ಕೆಂಪು ಕಂಡರೆ ಗ್ಲೆನಿಸ್‌ಗೆ ಮೈಯೆಲ್ಲ ಉರಿ. ಕಂಪ್ಯೂಟರಿನಲ್ಲಿ ಸರ್ಕ್ಯೂಟ್ ಬೋರ್ಡಿನ ನಕ್ಷೆ ಬಿಡಿಸುವುದು ಅವಳ ಕಸುಬು. ಒಂದು ತಾಮ್ರದ ಗೆರೆ ತಾಗಬಾರದ ಕಡೆ ತಾಗಿತೋ, ಸಾಫ್ಟ್‌ವೇರ್ ಅಲ್ಲೊಂದು ಕೆಂಪು ಗುರುತು ಹಾಕಿ ತಪ್ಪು ತಪ್ಪು ಎನ್ನುತ್ತದೆ. ಆಸ್ಟ್ರೇಲಿಯದ ಕಡಲೂರು ಪೋರ್ಟ್ ಲಿಂಕನ್ನಿನ ಆ ಪುಟ್ಟ ಕಾರ್ಖಾನೆಯಲ್ಲಿ, ಕೆಂಪು ಉಳಿಸಿಕೊಂಡು ನಕ್ಷೆ ಕಳಿಸಿದವರು ಎಲ್ಲರಿಗೂ ಮಾಂಸದ ಪೈ ಕೊಡಿಸಬೇಕೆಂಬ ಪದ್ಧತಿ. ಗ್ಲೆನಿಸ್ ಈವರೆಗೆ ಒಂದೇ ಒಂದು ಪೈ ಕೊಡಿಸಿದವಳಲ್ಲ. ಆ ಜಂಬ ಅವಳಿಗೆ ಸ್ವಲ್ಪ ಜಾಸ್ತಿಯೇ ಇತ್ತು, ಇರಲಿ ಬಿಡಿ, ದುಡಿದು ಗಳಿಸಿದ ಜಂಬ.

ಆದರೆ ಆಂಟೆನಾ ಬಿಡಿಸಿದ್ದು ಇದೇ ಮೊದಲು. ಅದೂ ಗಂಡನಿಗಾಗಿ. ಟೋನ್ಚಿ ಟ್ಯೂನಾ ಮೀನು ಹಿಡಿಯುವ ದೋಣಿಯ ಆಳು. ಅವನ ಅಣ್ಣ ನಿಕ್ಷಾ ಅಂಥದೇ ದೋಣಿಯಿಂದ ಸಮುದ್ರಕ್ಕೆ ಬಿದ್ದಾಗ ಮೇಲಿದ್ದವರಿಗೆ ಗೊತ್ತೇ ಆಗಿರಲಿಲ್ಲ; ಅವನು ಮತ್ತೆ ಸಿಗಲೇ ಇಲ್ಲ. ನೀರು ತಾಗಿದೊಡನೆ ಬಿದ್ದವನ ಸುಳಿವನ್ನು ದೋಣಿಗೆ ಕೂಗಿ ಹೇಳುವ ಯಂತ್ರ ಕಾರ್ಖಾನೆಯಲ್ಲಿ ಮೊದಲೇ ಇತ್ತು. ಅದೋ ದಪ್ಪ, ಅದಕ್ಕೊಂದು ಉದ್ದನೆಯ ಆಂಟೆನಾ ತಂತಿ ಬೇರೆ. "ಇಟ್ಟಿಗೆ ಕಟ್ಕೊಂಡು ಯಾವನು ಬಲೆ ಎಳೀತಾನೆ?" ಎಂದು ಟೋನ್ಚಿ ಅದನ್ನು ಮೂಲೆಗೆ ಎಸೆದಿದ್ದ. ಹಾಗಾಗಿ ಗ್ಲೆನಿಸ್ ತಂತಿಯನ್ನೇ ತೆಗೆದುಹಾಕಿ, ಬೋರ್ಡಿನ ತಾಮ್ರದಲ್ಲೇ ಆಂಟೆನಾ ಬಿಡಿಸಿ, ಬೆಂಕಿಪೊಟ್ಟಣದಷ್ಟು ಚಿಕ್ಕ ಬಿಲ್ಲೆ ಮಾಡಿಸಿದ್ದಳು. ಗುರುವಾರ ದೋಣಿ ಹೊರಡುವಾಗ ಅದು ಅವನ ಹೆಗಲ ಮೇಲಿರಬೇಕು. ಅವಳಿಗೆ ಬೇಕಾಗಿದ್ದದ್ದು ಅಷ್ಟೇ.

ಮಂಗಳವಾರ ಬೋರ್ಡ್ ಬಂತು. ಜೋಡಿಸಿ, ಒದ್ದೆ ಮಾಡಿ ಟೋನ್ಚಿಯ ಕೈಗೆ ಕೊಟ್ಟು, ಕಾರ್ಖಾನೆಯ ಅಂಗಳದ ತುದಿಗೆ ಅಟ್ಟಿದಳು. ಒಳಗಿದ್ದ, ಬಿಲ್ಲೆಯ ಕೂಗು ಹಿಡಿಯಬೇಕಾದ ರಿಸೀವರ್ ಪಿಟ್ಟೆನ್ನಲಿಲ್ಲ.

"ಗ್ಲೆನ್, ಇದು ಮೂಗಿ ಕಣೆ!" ಅವನು ಅಲ್ಲಿಂದಲೇ ಕೂಗಿದ. "ನಿನ್ನ ಗಂಟಲಲ್ಲಿ ಅರ್ಧ ಇದಕ್ಕೆ ಕೊಟ್ಟಿದ್ರೂ ಸಾಕಾಗ್ತಿತ್ತು!"

"ನಿಂಗೆ ನಗು ಬೇರೆ ಕೇಡು!" ಎಂದಳು. ನಕ್ಷೆಯನ್ನು ಮತ್ತೆ ಪರದೆಗೆ ತಂದಳು.

ಕಾರ್ಖಾನೆಯ ಯಜಮಾನ ಮರ್ವ್ ಬಂದು ಪರದೆಗೆ ಮೂಗು ತಾಗುವಷ್ಟು ಬಗ್ಗಿದ. "ಈ ಆಂಟೆನಾಕ್ಕೆ ಎರಡು ಕಾಲಿರ್ಬೇಕಲ್ವಾ? ಇನ್ನೊಂದು ಎಲ್ಲೋಯ್ತು?"

"ಯಾವ ಕಾಲು? ಅಲ್ಲೊಂದು ಗೆರೆ ಗ್ರೌಂಡಿನ ತಾಮ್ರಕ್ಕೆ ತಾಗ್ತಿತ್ತು. ಕೆಂಪು ಬಂತು. ಅಳಿಸಿಬಿಟ್ಟೆ..." ಅರ್ಧಕ್ಕೇ ನಾಲಿಗೆ ಕಚ್ಚಿಕೊಂಡಳು. "ಅಯ್ಯೋ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಅದು ಬೇಕಂತ್ಲೇ ತಾಗಿರೋ ಕಾಲು!"

ಒಂದು ಕಾಲಿನಿಂದ ವಿದ್ಯುತ್ತು ಬರಬೇಕು, ಇನ್ನೊಂದು ಗ್ರೌಂಡ್ ಎಂಬ ಅಗಲ ತಾಮ್ರದ ಹಾಸಿಗೆ ಊರಿ ನಿಲ್ಲಬೇಕು. ಆಗಲೇ ಈ ಜಾತಿಯ ಆಂಟೆನಾ ಬಾಯಿ ಬಿಡುವುದು. ಸಾಫ್ಟ್‌ವೇರಿಗೆ ಅದೆಲ್ಲಿ ಗೊತ್ತು? ತಾಗಿದ್ದೆಲ್ಲ ಅದಕ್ಕೆ ತಪ್ಪೇ. ಕೆಂಪು ಒರೆಸುವ ಚಟಕ್ಕೆ ಬಿದ್ದವಳು ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದಳು.

"ಮುಂದಿನ ಸಲ ಕೆಂಪು ಸಮೇತ ಕಳ್ಸು," ಮರ್ವ್ ನಕ್ಕ. "ಪೈ ನಾನೇ ಕೊಡಿಸ್ತೀನಿ."

ಮುಂದಿನ ಸಲವಂತೆ! ಹೊಸ ಬೋರ್ಡ್ ಬರುವಷ್ಟರಲ್ಲಿ ದೋಣಿ ನಡುಸಮುದ್ರದಲ್ಲಿರುತ್ತದೆ. ಗ್ಲೆನಿಸ್ ಕನ್ನಡಕ ಏರಿಸಿ, ಬೋರ್ಡಿನ ಹಸಿರು ಲೇಪವನ್ನು ಚಾಕುವಿನ ಮೊನೆಯಲ್ಲಿ ಕೆರೆದಳು. ಕಾಲು ಇರಬೇಕಾದ ಜಾಗಕ್ಕೆ ಎಳೆಯಷ್ಟು ತಾಮ್ರದ ಪಟ್ಟಿಯಿಟ್ಟು ಬೆಸುಗೆ ಹಾಕಿದಳು. ಒಮ್ಮೆ ಬೆರಳೂ ಸುಟ್ಟಿತು. ಈ ಸಲ ಟೋನ್ಚಿ ಅಂಗಳದ ತುದಿಗೆ ಹೋದಾಗ ಒಳಗಿನ ರಿಸೀವರ್ ಕಿರುಚಿತು. ಆದರೆ ಅಂಗಳವೇನು ಸಮುದ್ರವೇ?

ಮರುದಿನ ಬೆಳಿಗ್ಗೆ ಬಿಲ್ಲೆಯನ್ನು ಹೆಗಲಿಗೆ ಸಿಕ್ಕಿಸಿಕೊಂಡು ಟೋನ್ಚಿ ಜೆಟ್ಟಿಯ ಹಲಗೆಕಟ್ಟೆಯಿಂದ ನೀರಿಗೆ ಹಾರಿದ. ಗ್ಲೆನಿಸ್ ಕಟ್ಟೆಯ ಅಂಚಿನಲ್ಲಿ ನಿಂತಿದ್ದಳು. ದೂರದಲ್ಲಿ ಲಂಗರು ಹಾಕಿದ್ದ ದೋಣಿಯಲ್ಲಿ ಮರ್ವ್ ರಿಸೀವರ್ ಹಿಡಿದು ಕಾಯುತ್ತಿದ್ದ. ಟೋನ್ಚಿಯ ತಲೆ ಮುಳುಗಿತು. ಸದ್ದಿಲ್ಲ. ತಲೆ ಮೇಲೆ ಬಂತು. ಆಗಲೂ ಸದ್ದಿಲ್ಲ. ಬಿಲ್ಲೆಯಿದ್ದ ಹೆಗಲು ನೀರಿನಿಂದ ಎದ್ದಿತೋ ಇಲ್ಲವೋ, ರಿಸೀವರಿಗೆ ಜೋಡಿಸಿದ್ದ ದೋಣಿಯ ಗಂಟೆ ಊರಿಗೇ ಕೇಳುವಂತೆ ಬಡಿದುಕೊಂಡಿತು.

"ಕೂಗ್ತಿದೆ ಗ್ಲೆನಿಸ್! ಎಲ್ಲಿದಾನೆ ಅಂತಾನೂ ತೋರಿಸ್ತಿದೆ!" ಮರ್ವ್ ಎರಡೂ ಕೈ ಬೀಸಿದ.

ಅವಳು ಹಲಗೆಯ ಮೇಲೆ ಕೂತುಬಿಟ್ಟಳು. ಅಬ್ಬಾ, ಅಂತೂ! ಎಷ್ಟೋ ದಿನದಿಂದ ಎದೆಯ ಮೇಲಿದ್ದ ಭಾರವೆಲ್ಲ ಇಳಿದುಹೋಗಿ, ಸುಮ್ಮಸುಮ್ಮನೆ ನಗು ಬರುತ್ತಿತ್ತು.

ಟೋನ್ಚಿ ಹಲ್ಲು ಕಟಕಟಿಸುತ್ತ ಮೆಟ್ಟಿಲು ಹತ್ತಿ ಬಂದ. ಅವಳು ಟವೆಲ್ ಹೊದಿಸಿ ಕೈ ಚಾಚಿದಳು.

"ಬಿಲ್ಲೆ ಬಿಚ್ಚು. ಉಪ್ಪುನೀರು ತೊಳೀಬೇಕು."

ಅವನು ಅದರ ಮೇಲೆ ಅಂಗೈ ಮುಚ್ಚಿಕೊಂಡ. "ಇರ್ಲಿ ಬಿಡು."

"ದೋಣಿ ಹೊರಡೋದು ನಾಳೆ ಕಣೋ."

"ಗೊತ್ತು." ಟೋನ್ಚಿ ನೀರಿನ ಕಡೆ ನೋಡುತ್ತ ನಿಂತ. "ಭಾರಾನೇ ಇಲ್ಲ ಕಣೆ ಇದು. ಆಗ ಇದು ಇದ್ದಿದ್ರೆ ನಿಕ್ಷಾನೂ ಹಾಕ್ಕೊಂಡಿರ್ತಿದ್ದ."

ಗ್ಲೆನಿಸ್ ಟವೆಲಿನ ಚುಂಗು ಹಿಡಿದು ಅವನ ತಲೆಯನ್ನು ಗಸಗಸ ಒರೆಸತೊಡಗಿದಳು.