ಚಿನ್ನಿಯ ಕೆಮ್ಮು

ಬನ್ನಿಮಂಟಪದ ದೇವಿರಮ್ಮ ಊದುಬತ್ತಿ ಹೊಸೆಯಲು ಕೂತದ್ದು ಗಂಡ ಸತ್ತ ವರ್ಷ. ಮಗ ಶಿವಪ್ರಕಾಶನನ್ನು ಓದಿಸಿದ್ದು, ಮದುವೆ ಮಾಡಿದ್ದು ಎಲ್ಲ ಆ ಮಣೆಯಿಂದಲೇ. ಇದ್ದಿಲ ಪುಡಿ ಉಗುರಿಗಿಳಿದು, ಎದೆಗೂ ಇಳಿದಿತ್ತು. ವರ್ಷಗಟ್ಟಲೆ ಕೆಮ್ಮಿದಳು. "ಧೂಳು ಕಣವ್ವ, ಒಂಚೂರು ಬೆಲ್ಲ ಬಾಯಿಗಾಕ್ಕೊ" ಎಂದು ಮಗರಾಯ ಕೈತೊಳೆದುಕೊಂಡಿದ್ದ.

ಸೊಸೆ ಬಿಂದುಶ್ರೀಯ ಬೆಕ್ಕು ಚಿನ್ನಿ ಕೆಮ್ಮತೊಡಗಿದಾಗ ಮಾತ್ರ ಮನೆಗೆ ಮನೆಯೇ ಅಲ್ಲೋಲಕಲ್ಲೋಲವಾಯಿತು. ನೆಲಕ್ಕೆ ಅವುಚಿ ಕೂತು, ಕತ್ತು ಮುಂದಕ್ಕೆ ಚಾಚಿ ಗೊರಗೊರ ಎನ್ನುತ್ತಿತ್ತು. ಕೂದಲು ನುಂಗಿರಬೇಕು ಅಂದುಕೊಂಡರು, ಕಾದರೂ ವಾಂತಿಯಾಗಲಿಲ್ಲ. ಪಶುವೈದ್ಯೆಯ ಬಳಿ ಹೊರಟಾಗ ಬೆಕ್ಕಿನ ಬುಟ್ಟಿ ಹಿಡಿಯಲು ದೇವಿರಮ್ಮ ಬೇಕಾದಳು.

ಡಾಕ್ಟರ್ ಅಕ್ಷತಾ ಬೆಕ್ಕಿನ ಎದೆ ಆಲಿಸಿದರು, ಎಕ್ಸ್‌ರೇ ತೆಗೆಸಿ ನೋಡಿದರು. "ಉಸಿರಿನ ಕೊಳವೆಗಳು ಊದ್ಕೊಂಡಿವೆ. ಆಸ್ತಮಾ. ಮನೇಲಿ ಹೊಗೆ, ಧೂಳು ಏನಾದ್ರೂ ಇದೆಯಾ?"

"ನಮ್ಮವ್ವ ಊದುಬತ್ತಿ ಹೊಸೀತಾರೆ, ಮೇಡಂ," ಎಂದ ಶಿವಪ್ರಕಾಶ, ಕಳ್ಳಿಯನ್ನು ಹಿಡಿದುಕೊಟ್ಟವನ ಹಾಗೆ.

"ಆ ಪುಡಿ ತಾಗದ ಹಾಗೆ ನೋಡ್ಕೊಳ್ಳಿ. ಮನೇಲಿ ಬೇರೆ ಯಾರಿಗಾದ್ರೂ ಕೆಮ್ಮು?"

ಇಷ್ಟು ವರ್ಷದಲ್ಲಿ ಅದನ್ನು ಕೇಳಿದವರು ಅವರೊಬ್ಬರೇ. ದೇವಿರಮ್ಮ ಬಾಯಿ ತೆರೆಯುವಷ್ಟರಲ್ಲಿ "ಇಲ್ಲ, ಮೇಡಂ" ಎಂದುಬಿಟ್ಟ ಮಗ. ಅವಳಿಗೆ ಕೆಮ್ಮು ಒತ್ತರಿಸಿಕೊಂಡು ಬಂತು. ಸೆರಗು ಬಾಯಿಗೊತ್ತಿದರೂ ನಿಲ್ಲಲಿಲ್ಲ.

"ಇವರನ್ನ ಮೊದಲು ಆಸ್ಪತ್ರೆಗೆ ತೋರಿಸ್ರೀ!" ಎಂದರು ಡಾಕ್ಟರು.

"ತೋರ್ಸಾಣ ಬುಡಿ."

ಮಾರನೆಯ ಬೆಳಿಗ್ಗೆ ದೇವಿರಮ್ಮ ಒಗೆದ ಸೀರೆಯುಟ್ಟು ಬಾಗಿಲಲ್ಲಿ ಕೂತಳು. ಪಾಪ, ಆಸ್ಪತ್ರೆಗೆ ಹೋಗುವ ಆಸೆ. ಮಗ ಬಂದ. ಮಣೆಯನ್ನೂ ಪುಡಿಯ ಡಬ್ಬವನ್ನೂ ಮೆಟ್ಟಿಲ ಕೆಳಗಿನ ಕಿಟಕಿಯಿಲ್ಲದ ಕೋಣೆಗೆ ಸಾಗಿಸಿದ.

"ಇನ್ಮೇಲೆ ಇಲ್ಲೇ ಕೂತ್ಕೊ ಅವ್ವ. ಬಾಗ್ಲು ತೆಗೀಬ್ಯಾಡ. ಚಿನ್ನಿಗೆ ಪುಡಿ ತಾಕ್ಬಾರ್ದು."

"ನನ್ನ ಎದೆ, ಮಗಾ..."

"ನಿಂಗೆ ಅಭ್ಯಾಸ ಆಗೋಗದೆ ಕಣವ್ವ."

ಬಾಗಿಲ ಸಂದಿಗೆ ಬಿಂದುಶ್ರೀ ಹೊರಗಿನಿಂದ ಹಳೆಯ ಸೀರೆ ತುರುಕಿದಳು. ಆ ಸೀರೆಯೂ ದೇವಿರಮ್ಮನದೇ. ಎಂಥ ಕಲ್ಲೆದೆಯ ಜನ! ಒಳಗೆ ಪುಡಿ ಮೇಲೆದ್ದು ಮತ್ತೆ ಅವಳ ಮೂಗಿಗೇ ಇಳಿಯುತ್ತಿತ್ತು. ಹೊರಗೆ ಸೊಸೆ ಬೆಕ್ಕಿನ ಮೂತಿಗೆ ಪುಟ್ಟ ಮಾಸ್ಕ್ ಹಿಡಿದು, ಔಷಧಿ ಎಳೆಸುತ್ತಾ, "ಉಸಿರಾಡು ಬಂಗಾರ, ನಿಧಾನವಾಗಿ" ಎನ್ನುವುದು ಅವಳಿಗೆ ಕೇಳಿಸುತ್ತಿತ್ತು.

ಚಿನ್ನಿಯ ಕೆಮ್ಮು ನಿಂತಿತು. ಡಾಕ್ಟರು ಫೋನಿನಲ್ಲಿ ದೇವಿರಮ್ಮನ ಕೆಮ್ಮನ್ನೂ ವಿಚಾರಿಸಿದರು.

"ಈಗ ಕೇಳ್ಸೋದೇ ಇಲ್ಲ ಡಾಕ್ಟ್ರೇ," ಎಂದಳು ಬಿಂದುಶ್ರೀ.

ಮೆಟ್ಟಿಲ ಕೆಳಗಿನಿಂದ ದೇವಿರಮ್ಮ ಕೆಮ್ಮುತ್ತಲೇ ಇದ್ದಳು. ಚಿನ್ನಿಯೊಂದೇ ಕಿವಿ ನಿಮಿರಿಸಿ ಆ ಬಾಗಿಲ ಕಡೆ ನೋಡಿತು.